ದಣಪೆ ದಾಟುವ ವಾಕ್ಯಗಳು

ಹೊಸ ಪಂಪಿನ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ನಾನು ಓದಿದೆ. ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯುವ ತಯಾರಿ ನಡೆದಿತ್ತು. ಪುಸ್ತಕ ಹೇಳಿತು: ‘ನಿಮ್ಮ ಮಾದರಿಯಲ್ಲಿ ಈ ಗುಂಡಿ ಇದ್ದರೆ ಒತ್ತಿ. ಇಲ್ಲದಿದ್ದರೆ ಪುಟ 14 ನೋಡಿ.’ ನನ್ನ ಪಂಪಿಗೆ ಗುಂಡಿ ಇರಲಿಲ್ಲ. ಪುಟ 14ರಲ್ಲಿ ಚಕ್ರ ಇರುವ ಬೇರೊಂದು ಪಂಪಿನ ಚಿತ್ರ ಇತ್ತು. ಪಕ್ಕದ ಮನೆಯವರು ಸ್ವಲ್ಪ ಹೊತ್ತು ನೋಡಿದರು. ‘ಭಾವಾ, ಪುಸ್ತಕ ಬದಿಗಿಡು, ಹಗ್ಗ ಎಳಿ’ ಅಂದರು. ಎಳೆದೆ. ಶುರುವಾಯಿತು.

ನಾಚಿಕೆಯ ವಿಷಯ ಏನೆಂದರೆ, ಇಂಥ ಪುಸ್ತಕ ಬರೆಯುವುದೇ ನನ್ನ ಹೊಟ್ಟೆಪಾಡು. ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು, ನೆಟ್‌ವರ್ಕ್ ಇದ್ದ ದಿನ, ಯಂತ್ರಗಳ ಮತ್ತು ಸಾಫ್ಟ್‌ವೇರ್‌ಗಳ ಕೈಪಿಡಿ ಬರೆಯುತ್ತೇನೆ. ಹಾಗಾಗಿ ಆ ಪಂಪಿನ ಪುಸ್ತಕದ ರೋಗ ನನಗೆ ತಕ್ಷಣ ಗೊತ್ತಾಯಿತು. ಬರೆದವರು ಕೆಟ್ಟದಾಗಿ ಬರೆದಿರಲಿಲ್ಲ. ಅವರು ಸೋಸಿರಲಿಲ್ಲ, ಅಷ್ಟೇ. ಎಲ್ಲ ಮಾದರಿಗಳ ಎಲ್ಲ ಮಾತನ್ನೂ ಒಂದೇ ಚೀಲದಲ್ಲಿ ತುಂಬಿ ಕೊಟ್ಟಿದ್ದರು. ಆರಿಸಿಕೊಳ್ಳುವ ಕೆಲಸ ಓದುಗನ ತಲೆಗೆ.

ಹಾಗಾದರೆ ಪ್ರತಿ ಮಾದರಿಗೂ ಬೇರೆ ಪುಸ್ತಕ ಬರೆದರಾಯಿತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಬರೆಯಬಹುದು. ಆಮೇಲೆ ಒಂದು ತಪ್ಪು ಸಿಕ್ಕರೆ ಆರು ಪುಸ್ತಕಗಳಲ್ಲಿ ತಿದ್ದಬೇಕು. ಐದರಲ್ಲಿ ತಿದ್ದುತ್ತೀರಿ, ಆರನೆಯದು ಮರೆತುಹೋಗುತ್ತದೆ. ಇದು ಯಾವಾಗಲೂ ಹೀಗೇ. ಅದಕ್ಕೇ ನಮ್ಮ ಕಸುಬಿನವರು ಮೂಲ ಬರಹವನ್ನು ಒಂದೇ ಇಟ್ಟುಕೊಳ್ಳುತ್ತಾರೆ. ಯಾವ ವಾಕ್ಯ ಯಾರಿಗೆ ಅಂತ ಅದಕ್ಕೊಂದು ಚೀಟಿ ಅಂಟಿಸುತ್ತಾರೆ. ಅಚ್ಚಿಗೆ ಕಳಿಸುವಾಗ, ಅಂದರೆ ಪಿಡಿಎಫ್ ಅಥವಾ ವೆಬ್ ಪುಟ ಆಗುವಾಗ, ಬೇಡದ್ದನ್ನು ಯಂತ್ರ ಬಿಟ್ಟುಬಿಡುತ್ತದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ‘ಈಗ ಕಂಪ್ಯೂಟರ್ರೇ ಎಲ್ಲ ಅರ್ಥ ಮಾಡಿಕೊಂಡು ಯಾರಿಗೆ ಏನು ಬೇಕೋ ಅದನ್ನು ಕೊಡುತ್ತದೆ’ ಅನ್ನುವುದು. ಈ ಸೋಸುವ ಯಂತ್ರಕ್ಕೆ ಏನೂ ಅರ್ಥವಾಗುವುದಿಲ್ಲ. ಯಕ್ಷಗಾನದ ಭಾಗವತರು ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಯ ಕಾಲಮಿತಿಗೆ ಇಳಿಸುವಾಗ ಯಾವ ಪದ್ಯ ಬಿಡಬೇಕು ಅಂತ ಕಥೆ ಗೊತ್ತಿದ್ದು ಬಿಡುತ್ತಾರೆ. ನಮ್ಮ ಯಂತ್ರಕ್ಕೆ ಕಥೆ ಗೊತ್ತಿಲ್ಲ. ಅದು ಬರೀ ಚೀಟಿ ನೋಡುತ್ತದೆ. ಅದು ಭಾಗವತ ಅಲ್ಲ, ದಣಪೆ.

ದಣಪೆ ಗೊತ್ತಲ್ವಾ? ಘಟ್ಟದ ಮೇಲಿನವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ: ತೋಟದ ದಾರಿಯಲ್ಲಿ ಎರಡು ಕಂಬ, ಕಂಬಗಳಲ್ಲಿ ತೂತು, ತೂತಿನಿಂದ ತೂತಿಗೆ ಅಡ್ಡ ಹಾಕಿದ ಬಿದಿರು. ಗೇಟಿನ ಕೆಲಸ ಮಾಡುತ್ತದೆ. ಈ ದಣಪೆಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನನ್ನ ಇಷ್ಟದ ನಿಯಮವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತು ನನಗೆ ಸಿಕ್ಕಿಲ್ಲ.

ಉದಾಹರಣೆಗೆ ನಾನೇ ಮಾಡಿದ ಒಂದು ಕರಪತ್ರ ತೆಗೆದುಕೊಳ್ಳುತ್ತೇನೆ. ವಿಷಯ ಬೋರ್ಡೋ ದ್ರಾವಣ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧ. ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಓದುಗರು ಮೂರು ಬಗೆ: ತೋಟದ ಯಜಮಾನರು, ಅಡಿಕೆ ಕೊನೆ (ಗೊನೆ) ಕೊಯ್ಯುವ, ಔಷಧ ಹೊಡೆಯುವ ಕೊನೆಗೌಡರು, ಕೃಷಿ ಓದುವ ವಿದ್ಯಾರ್ಥಿಗಳು. ಹೊಡೆಯುವ ರೀತಿ ಎರಡು: ಮರ ಹತ್ತಿ ಹೊಡೆಯುವುದು, ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ (ಉದ್ದನೆಯ ಕೋಲಿನಿಂದ) ಹೊಡೆಯುವುದು. ಮೂರು ಗುಣಿಸು ಎರಡು, ಆರು ಕರಪತ್ರ. ಮೂಲ ಮಾತ್ರ ಒಂದೇ.

ದ್ರಾವಣದ ಹೆಸರು ಬಂದಿದ್ದಕ್ಕೆ ಒಂದು ಕಥೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗದು. 1882ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಸುಣ್ಣ, ಮೈಲುತುತ್ತ ಕಲಸಿ ಚಿಮುಕಿಸಿದರು. ನೋಡಿದರೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಬಂದರು. ರೋಗ ಬಂದು ಬೇರೆಲ್ಲ ಬಳ್ಳಿಗಳ ಎಲೆ ಉದುರಿದ್ದರೂ ರಸ್ತೆ ಬದಿಯವು ಹಸಿರಾಗಿದ್ದವು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಅಂತ ಬರೆದ ಸಂದೇಶವನ್ನು ವಿಜ್ಞಾನಿ ಓದಿದ ಹಾಗಾಯಿತು! ಆ ಕಾಲದಲ್ಲಿ ಯಾರಾದರೂ ‘ಇದು ಕಳ್ಳರಿಗೆ ಮಾತ್ರ’ ಅಂತ ಸೋಸಿದ್ದರೆ ನಮ್ಮ ಅಡಿಕೆಗೆ ಔಷಧ ಎಷ್ಟು ತಡವಾಗುತ್ತಿತ್ತೋ.

ಸರಿ, ದಣಪೆಗೆ ಬರೋಣ.

ನಾನು ಬಳಸುವ ಬರವಣಿಗೆಯ ಪದ್ಧತಿಯ ಹೆಸರು ಡಿಟಾ. ಐಬಿಎಂನಲ್ಲಿ ಹುಟ್ಟಿ, 2005ರಲ್ಲಿ ಓಯಸಿಸ್ ಅನ್ನುವ ಸಂಸ್ಥೆಯ ಮೂಲಕ ಎಲ್ಲರಿಗೂ ತೆರೆದ ಮಾನದಂಡ ಆಯಿತು. ಹೆಸರಿನಲ್ಲಿರುವ ಡಿ ಅಂದರೆ ಡಾರ್ವಿನ್, ಆ ಗಡ್ಡದ ಡಾರ್ವಿನ್ನೇ. ಇದರಲ್ಲಿ ಪ್ರತಿ ಪ್ಯಾರಾಕ್ಕೆ, ಬೇಕಾದರೆ ಪ್ರತಿ ಪದಕ್ಕೆ, ‘ಆಡಿಯನ್ಸ್’, ‘ಪ್ರಾಡಕ್ಟ್’, ‘ಪ್ಲಾಟ್‌ಫಾರ್ಮ್’ ಅಂತ ಬೇರೆ ಬೇರೆ ಚೀಟಿ ಅಂಟಿಸಬಹುದು. ಯಾವ ಹೆಸರು ಬೇಡ ಅನ್ನುವ ಪಟ್ಟಿ ಇನ್ನೊಂದು ಪುಟ್ಟ ಫೈಲಿನಲ್ಲಿ ಇರುತ್ತದೆ. ಅದಕ್ಕೆ ಡಿಟಾವಾಲ್ ಅಂತ ಹೆಸರು.

ಈಗ ಒಂದು ವಾಕ್ಯ. ‘ತಯಾರಿಸಿದ ದ್ರಾವಣವನ್ನು ಅದೇ ದಿನ ಮುಗಿಸಿ.’ ಆಡಿಯನ್ಸ್ ಚೀಟಿಯಲ್ಲಿ ಎರಡು ಹೆಸರು: ಯಜಮಾನ, ಕೊನೆಗೌಡ. ನಾನು ಪಟ್ಟಿಯಲ್ಲಿ ‘ಯಜಮಾನ ಬೇಡ’ ಅಂತ ಬರೆದರೆ ಈ ವಾಕ್ಯ ಉಳಿಯುತ್ತದೋ, ಹೋಗುತ್ತದೋ?

ಉಳಿಯುತ್ತದೆ. ಒಂದು ಚೀಟಿಯಲ್ಲಿರುವ ಎಲ್ಲ ಹೆಸರುಗಳೂ ಬೇಡ ಅಂದಾಗ ಮಾತ್ರ ವಾಕ್ಯ ಹೋಗುತ್ತದೆ. ವಾಕ್ಯವನ್ನು ಕರು ಅಂದುಕೊಳ್ಳಿ, ಚೀಟಿಯನ್ನು ದಣಪೆ. ಚೀಟಿಯಲ್ಲಿ ಎರಡು ಹೆಸರಿದ್ದರೆ ದಣಪೆಯಲ್ಲಿ ಎರಡು ಸಂದು. ‘ಬೇಡ’ ಅಂದ ಪ್ರತಿ ಹೆಸರಿಗೂ ಒಂದು ಬಿದಿರು ಅಡ್ಡ ಬೀಳುತ್ತದೆ. ಎರಡೂ ಬಿದಿರು ಬಿದ್ದರೆ ಕರು ನಿಲ್ಲುತ್ತದೆ. ಒಂದು ಸಂದು ತೆರೆದಿದ್ದರೂ ಸಾಕು, ನುಸುಳಿಬಿಡುತ್ತದೆ. ಕರು ಸಾಕಿದವರಿಗೆ ಇದರ ಅನುಭವ ಇದ್ದೇ ಇದೆ.

ಆದರೆ ಚೀಟಿ ಎರಡಿದ್ದರೆ? ಆಡಿಯನ್ಸ್ ಒಂದು, ಪ್ರಾಡಕ್ಟ್ ಇನ್ನೊಂದು. ಆಗ ಒಂದೇ ದಾರಿಯಲ್ಲಿ ಎರಡು ದಣಪೆ. ಮೊದಲನೆಯದರಲ್ಲಿ ನುಸುಳಿದ ಕರು ಎರಡನೆಯದರಲ್ಲಿ ಸಿಕ್ಕಿಬೀಳಬಹುದು. ಯಾವುದಾದರೂ ಒಂದು ಪೂರ್ತಿ ಮುಚ್ಚಿದ್ದರೆ ಕಥೆ ಮುಗಿಯಿತು. ವೈರಿಂಗ್ ಗೊತ್ತಿರುವವರಿಗೆ ಹೀಗೆ ಹೇಳುತ್ತೇನೆ: ಒಂದು ಚೀಟಿಯೊಳಗಿನ ಹೆಸರುಗಳು ಪ್ಯಾರಲಲ್ ಸ್ವಿಚ್ಚುಗಳು, ಒಂದು ಆನ್ ಇದ್ದರೂ ಕರೆಂಟ್ ಹರಿಯುತ್ತದೆ. ಚೀಟಿಗಳು ಮಾತ್ರ ಒಂದಕ್ಕೊಂದು ಸೀರಿಸ್, ಒಂದು ಆಫ್ ಆದರೂ ದೀಪ ಆರುತ್ತದೆ.

ಇನ್ನೊಂದು ಹೋಲಿಕೆ ಹೇಳಿಯೇ ಬಿಡುತ್ತೇನೆ. ಒಂದು ಪ್ಯಾರಾ ಪೂರ್ತಿ ಹೋದರೆ ಅದರೊಳಗಿನ ವಾಕ್ಯಗಳೂ ಹೋಗುತ್ತವೆ, ಒಳಗಿನ ಚೀಟಿಯಲ್ಲಿ ಏನೇ ಬರೆದಿರಲಿ. ಕೊನೆಯನ್ನೇ ಕೊಯ್ದ ಮೇಲೆ ಅದರಲ್ಲಿರುವ ಒಂದು ಅಡಿಕೆ ಮಾತ್ರ ಮರದಲ್ಲಿ ಉಳಿಯಲು ಆಗುತ್ತದಾ?

ಚೀಟಿಯೇ ಇಲ್ಲದ ವಾಕ್ಯಕ್ಕೆ ದಾರಿಯಲ್ಲಿ ದಣಪೆಯೇ ಇಲ್ಲ. ಅದು ಎಲ್ಲ ಪ್ರತಿಗಳಲ್ಲೂ ಬರುತ್ತದೆ. ಮರೆತರೆ ಜಾಸ್ತಿ ಬರಲಿ, ಕಡಿಮೆ ಆಗುವುದು ಬೇಡ ಅನ್ನುವ ಯೋಚನೆ ಇದು. ನನಗೆ ಬಹಳ ಇಷ್ಟ. ಆದರೆ ಒಮ್ಮೆ ಇದೇ ನನ್ನ ಮಾನ ಕಳೆದಿದೆ. ಒಂದು ಕಂಪನಿಯ ಕೈಪಿಡಿಯಲ್ಲಿ ‘ಇಂಟರ್ನಲ್’ ಅಂತ ಚೀಟಿ ಹಾಕಿ ‘ಈ ಅಂಕಿ ಸರಿಯಾ? ಇಂಜಿನಿಯರ್ ಹತ್ತಿರ ಕೇಳಬೇಕು’ ಅಂತ ನನಗೇ ಒಂದು ಟಿಪ್ಪಣಿ ಬರೆದುಕೊಂಡಿದ್ದೆ. ಚೀಟಿಯಲ್ಲಿ ಒಂದು ಅಕ್ಷರ ತಪ್ಪಿತು. ಪಟ್ಟಿಯಲ್ಲಿ ‘ಇಂಟರ್ನಲ್ ಬೇಡ’ ಅಂತ ಇತ್ತು, ನನ್ನ ತಪ್ಪು ಕಾಗುಣಿತ ಬೇಡ ಅಂತ ಎಲ್ಲೂ ಇರಲಿಲ್ಲ. ಯಂತ್ರಕ್ಕೆ ಅದು ಹೊಸ ಹೆಸರು. ಬಿದಿರು ಬೀಳಲಿಲ್ಲ. ಟಿಪ್ಪಣಿ ಗ್ರಾಹಕರ ಕೈ ಸೇರಿತು. ಇಂಥದ್ದಕ್ಕೆ ಮದ್ದು ಇದೆ: ಹೇಳದೇ ಇದ್ದ ಹೆಸರೆಲ್ಲ ಬೇಡ ಅಂತ ಪಟ್ಟಿಯಲ್ಲೇ ಬರೆಯಬಹುದು. ಯಾವ್ಯಾವ ಹೆಸರು ನಡೆಯುತ್ತವೆ ಅಂತ ಮೊದಲೇ ಕಟ್ಟುಹಾಕಲೂಬಹುದು. ನಾನು ಈಗ ಎರಡನ್ನೂ ಮಾಡುತ್ತೇನೆ.

ಚೀಟಿ ಅಂಟಿಸುವ ಯೋಚನೆ ಡಿಟಾಕ್ಕಿಂತ ಹಳೆಯದು. 1969ರಲ್ಲಿ ಐಬಿಎಂನ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಮೂವರು ಸೇರಿ ಬರಹಕ್ಕೆ ಇಂಥ ಚೀಟಿ ಅಂಟಿಸುವ ಜಿಎಂಎಲ್ ಅನ್ನುವ ಪದ್ಧತಿ ಮಾಡಿದರು. ಹೆಸರು ಅವರ ಮೊದಲಕ್ಷರಗಳೇ. ಗೋಲ್ಡ್‌ಫಾರ್ಬ್ ಓದಿದ್ದು ಕಾನೂನು, ಕೆಲಸ ಶುರುವಾಗಿದ್ದೂ ವಕೀಲರ ಕಾಗದಪತ್ರಗಳಿಂದ. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಆಯಿತು. ಬರಹದ ಒಂದು ತುಂಡನ್ನು ‘ಸೇರಿಸು’ ಅಥವಾ ‘ಬಿಡು’ ಅಂತ ಗುರುತು ಮಾಡುವ ಸೌಲಭ್ಯ ಆಗಲೇ ಇತ್ತು. 1998ರಲ್ಲಿ ಅದರ ಸರಳ ರೂಪವಾಗಿ ಎಕ್ಸ್‌ಎಂಎಲ್ ಬಂತು. ಡಿಟಾ ನಿಂತಿರುವುದು ಅದರ ಮೇಲೆ.

ಬಿಡುವುದು ಬೇರೆ, ಮುಚ್ಚುವುದು ಬೇರೆ. ಇದು ಗೊತ್ತಿಲ್ಲದವರು ಬಹಳ ಜನ ಇದ್ದಾರೆ. ವೆಬ್ ಪುಟದಲ್ಲಿ ಒಂದು ಪ್ಯಾರಾ ಕಾಣದ ಹಾಗೆ ಮಾಡಿದರೆ ಅದು ಹೋಗಿಲ್ಲ, ಪುಟದ ಮೂಲ ತೆರೆದರೆ ಅಲ್ಲೇ ಕೂತಿರುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದರೂ ಅಷ್ಟೇ. 2005ರಲ್ಲಿ ಇರಾಕಿನಲ್ಲಿ ಇಟಲಿಯ ಗುಪ್ತಚರ ಅಧಿಕಾರಿ ನಿಕೋಲಾ ಕಲಿಪಾರಿ ಅಮೆರಿಕದ ಸೈನಿಕರ ಗುಂಡಿಗೆ ಸತ್ತರು. ಆ ಬಗ್ಗೆ ಅಮೆರಿಕದ ಸೇನೆ ಹೊರಬಿಟ್ಟ ವರದಿಯಲ್ಲಿ ಗುಟ್ಟಿನ ಸಾಲುಗಳ ಮೇಲೆ ಕಪ್ಪು ಬಳಿದಿದ್ದರು. ಜನ ಅದನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು. ಅಕ್ಷರ ಎಲ್ಲ ಬಂತು. ಕರುವಿನ ಮೇಲೆ ಕಂಬಳಿ ಹೊದೆಸಿ ‘ಕರು ಇಲ್ಲ’ ಅಂದ ಹಾಗೆ.

ಇನ್ನು ನಮ್ಮ ಭಾಷೆಯ ತೊಂದರೆ. ಇಂಗ್ಲಿಷಿನ ಪಾಠಗಳಲ್ಲಿ ಒಂದೊಂದು ಪದಕ್ಕೂ ಚೀಟಿ ಹಾಕಿ ತೋರಿಸುತ್ತಾರೆ. ಕನ್ನಡದಲ್ಲಿ ಅದನ್ನು ಮಾಡಲು ಹೋಗಿ ನಾನು ಸುಮ್ನೆ ಕೈಸುಟ್ಟುಕೊಂಡೆ. ‘ಸುಣ್ಣವೂ ಅಂಟೂ ಬೇಕು’ ಅಂತ ಬರೆದು, ಅಂಟು (ಔಷಧ ಕಾಯಿಗೆ ಹಿಡಿದು ನಿಲ್ಲಲು ಬೆರೆಸುವುದು) ಬಳಸದವರ ಪ್ರತಿಯಿಂದ ‘ಅಂಟೂ’ ತೆಗೆದೆ. ಉಳಿದದ್ದು: ‘ಸುಣ್ಣವೂ ಬೇಕು.’ ವ್ಯಾಕರಣ ಸರಿ, ಅರ್ಥ ಬೇರೆ. ಮೊದಲು ಇನ್ನೇನೋ ಹೇಳಿ ಆಮೇಲೆ ಸುಣ್ಣ ಸೇರಿಸಿದ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡಿರುತ್ತದೆ, ಕ್ರಿಯಾಪದವೂ ಯಾರು, ಎಷ್ಟು ಜನ ಅಂತ ನೋಡಿ ಬದಲಾಗುತ್ತದೆ. ಪದ ಕೀಳುವಾಗ ಬೇರು ಉಳಿದುಬಿಡುತ್ತದೆ. ಕನ್ನಡದಲ್ಲಿ ಚೀಟಿ ಇಡೀ ವಾಕ್ಯಕ್ಕೇ ಹಾಕಬೇಕು. ಸಾಧ್ಯವಾದರೆ ಪ್ಯಾರಾಕ್ಕೆ.

ಯಾವುದಕ್ಕೆ ಚೀಟಿ ಹಾಕಲೇಬಾರದು ಅನ್ನುವುದನ್ನೂ ನಾನು ತಡವಾಗಿ ಕಲಿತೆ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಹಾದುಹೋದ ತಂತಿಗೆ ತಗುಲಿದರೆ ಪ್ರಾಣ ಹೋಗುತ್ತದೆ. ಈ ಎಚ್ಚರಿಕೆಗೆ ಮೊದಲು ‘ಕೊನೆಗೌಡ’ ಅಂತ ಮಾತ್ರ ಚೀಟಿ ಹಾಕಿದ್ದೆ. ದೋಟಿ ಹಿಡಿಯುವವರು ಅವರೇ ತಾನೇ ಅಂದುಕೊಂಡು. ಕೊನೆಗೌಡರು ಸಿಗದ ವರ್ಷ ಯಜಮಾನರ ಮಗ ಬೆಂಗಳೂರಿಂದ ರಜೆಗೆ ಬಂದು ದೋಟಿ ಎತ್ತುತ್ತಾನೆ. ಅವನ ಮನೆಯ ಪ್ರತಿಯಲ್ಲಿ ಆ ಸಾಲೇ ಇರುತ್ತಿರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ. ಚೀಟಿ ಕಿತ್ತು ಹಾಕಿದೆ.

ವಿದ್ಯಾರ್ಥಿಗಳ ಪ್ರತಿಯಲ್ಲಿ ಇನ್ನೊಂದು ತಕರಾರು ಬಂತು. ಯಜಮಾನರ ಪ್ರತಿಯಲ್ಲಿ ‘ಕೊಳೆರೋಗ ತರುವ ಶಿಲೀಂಧ್ರ’ ಅಂತ ಬರೆದಿದ್ದೆ. ವಿದ್ಯಾರ್ಥಿಗಳ ಪ್ರತಿಯಲ್ಲಿ ‘ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗಳ ದೂರದ ನೆಂಟ’ ಅಂತ ಇತ್ತು. ಎರಡನೆಯದು ಸರಿ. ಒಂದೇ ಮೂಲದಿಂದ ಎರಡು ಪ್ರತಿ ಹೊರಟು ಒಂದು ಇನ್ನೊಂದನ್ನು ಸುಳ್ಳು ಮಾಡಿದರೆ ಹೇಗೆ? ಯಜಮಾನರ ಪ್ರತಿಯಲ್ಲಿ ‘ಕೊಳೆರೋಗ ತರುವ ಜೀವಿ’ ಅಂತ ತಿದ್ದಿದೆ. ಸುಲಭ ಮಾಡುವುದು ಅಂದರೆ ಕಡಿಮೆ ಹೇಳಬಹುದು, ತಪ್ಪು ಹೇಳುವ ಹಾಗಿಲ್ಲ.

ಕೊನೆಗೆ ಕೊನೆಗೌಡರ ಒಂದು ಪುಟದ ಪ್ರತಿ ಸಿದ್ಧವಾಯಿತು. ನಮ್ಮ ತೋಟಕ್ಕೆ ಬರುವವರಿಗೇ ಕೊಟ್ಟೆ. ಜಗಲಿಯಲ್ಲಿ ಕೂತು ನಿಧಾನವಾಗಿ ಓದಿದರು. ಆಮೇಲೆ ಕೇಳಿದರು: ‘ಹೆಗಡೇರೆ, ಕಬ್ಬಿಣದ ಡಬ್ಬಿಯಲ್ಲಿ ಕಲಸಬೇಡಿ ಅಂತ ಬರೆದೀರಿ. ಯಾಕೆ ಅಂತ ಬರೆದಿಲ್ಲ?’

ಬರೆದಿದ್ದೆ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಹೋಗಿ ಕೂರುತ್ತದೆ, ಅಷ್ಟು ಔಷಧ ಅಲ್ಲಿಗೇ ಕಡಿಮೆ. ತಿಕ್ಕಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುವುದೂ ಇದೇ ಕಾರಣಕ್ಕೆ: ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ ಅರ್ಥ. ಎಲ್ಲ ಬರೆದಿದ್ದೆ. ‘ವಿದ್ಯಾರ್ಥಿ’ ಅಂತ ಮಾತ್ರ ಚೀಟಿ ಹಾಕಿದ್ದೆ, ಅವರಿಗೇಕೆ ಬೇಕು ಅಂತ.

ಬಾಯಲ್ಲೇ ವಿವರಿಸಿದೆ. ‘ಹಾಂ, ಅದಕ್ಕೇ ಹಳೇ ಡಬ್ಬಿ ಒಳಗೆಲ್ಲ ಕೆಂಪಾಗ್ತಿತ್ತು’ ಅಂದರು. ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಆ ಪ್ಯಾರಾದ ಚೀಟಿಯಲ್ಲಿ ‘ವಿದ್ಯಾರ್ಥಿ’ ಪಕ್ಕ ‘ಕೊನೆಗೌಡ’ ಅಂತ ಸೇರಿಸಿದೆ. ಇನ್ನೊಮ್ಮೆ ಪ್ರಿಂಟ್ ತೆಗೆದೆ. ಈ ಸಲ ಒಂದು ಪುಟದಲ್ಲಿ ಹಿಡಿಸಲಿಲ್ಲ.