ಕೊಡಲಿ ಸುಮ್ಮನಾದ ಕಾಡಿನಲ್ಲಿ ಡಾರ್ಮೌಸ್

ಕಾಡು ಕಡಿದರೆ ಪ್ರಾಣಿ ಅಳಿಯುತ್ತದೆ ಎಂದು ಕೇಳುತ್ತಲೇ ಬೆಳೆದವರು ನಾವು. ಇಂಗ್ಲೆಂಡಿನ ಹೇಜಲ್ ಡಾರ್ಮೌಸ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ಪಾಲಿಗೆ ಆಗಿದ್ದು ಉಲ್ಟಾ. ಕಡಿಯುವುದು ನಿಂತ ಮೇಲೆ ಅದು ಸೊರಗಿತು.

ಹೆಬ್ಬೆರಳುದ್ದದ ಮೈ, ಹೊನ್ನಿನ ಬಣ್ಣ, ಅಳಿಲಿನಂತೆ ರೋಮ ತುಂಬಿದ ಬಾಲ. ಬೇಸಿಗೆಯಲ್ಲಿ ತೂಕ 20 ಗ್ರಾಂ ಆಸುಪಾಸು. (ನಮ್ಮ ಪಶ್ಚಿಮ ಘಟ್ಟದ ಮುಳ್ಳುಗೂದಲಿನ ಇಲಿಗೂ ಮಲಬಾರ್ ಡಾರ್ಮೌಸ್ ಎಂಬ ಹೆಸರಿದೆ, ಹೆಸರಷ್ಟೇ, ಕುಟುಂಬ ಬೇರೆ.) ಎಚ್ಚರವಿದ್ದಷ್ಟು ಕಾಲ ರಾತ್ರಿಯಿಡೀ ಕೊಂಬೆಯಿಂದ ಕೊಂಬೆಗೆ ಓಡಾಟ, ನೆಲಕ್ಕಿಳಿಯುವುದು ಅಪರೂಪ. ಸೊಪ್ಪಿನ ನಾರು ಅರಗಿಸುವ ಸೀಕಮ್ ಎಂಬ ಕರುಳಿನ ಚೀಲವೇ ಇದಕ್ಕಿಲ್ಲ. ಹಾಗಾಗಿ ವಸಂತದಲ್ಲಿ ಹೂವು, ಪರಾಗ, ನಡುಬೇಸಿಗೆಯಲ್ಲಿ ಹುಳು, ಆಮೇಲೆ ಬ್ಲ್ಯಾಕ್‌ಬೆರಿ, ಕೊನೆಗೆ ಹೇಜಲ್ ಕಾಯಿ ಎಂದು ಒಂದರ ಹಿಂದೊಂದು ಸಿಗುತ್ತಲೇ ಇರಬೇಕು. ನಡುವೆ ಒಂದು ತಪ್ಪಿದರೂ ಉಪವಾಸ.

ಈ ಊಟದ ಸಾಲನ್ನು ಶತಮಾನಗಳ ಕಾಲ ಕಾಪಾಡಿದ್ದು ಹಳ್ಳಿಯವರ ಕೊಡಲಿ. ಹೇಜಲ್ ಗಿಡವನ್ನು ಬುಡಕ್ಕೆ ಕಡಿದರೆ ಕೂಳೆ ಕಬ್ಬಿನ ಹಾಗೆ ಮತ್ತೆ ಚಿಗುರುತ್ತದೆ. ಬೇಲಿಗೆ, ಸೌದೆಗೆ, ಇದ್ದಿಲಿಗೆಂದು ಈ ವರ್ಷ ಕಾಡಿನ ಒಂದು ತುಂಡು, ಮುಂದಿನ ವರ್ಷ ಪಕ್ಕದ್ದು ಕಡಿಯುತ್ತಿದ್ದರು. ಬಿಸಿಲು ಒಳಗಿಳಿದು ಮುಳ್ಳುಪೊದೆ, ಹನಿಸಕಲ್ ಬಳ್ಳಿ ಹಬ್ಬುತ್ತಿದ್ದವು. ಆ ಬಳ್ಳಿಯ ತೊಗಟೆ ಸೀಳಿ ಡಾರ್ಮೌಸ್ ಚೆಂಡಿನಂಥ ಗೂಡು ಹೆಣೆಯುತ್ತದೆ. ಕಲ್ಲಿದ್ದಲು, ತಂತಿಬೇಲಿ ಬಂದವು. ಕಡ್ಡಿಗೆ ಗಿರಾಕಿ ಇಲ್ಲದಾಯಿತು. ನೆತ್ತಿಯಲ್ಲಿ ಕೊಂಬೆಗಳು ಕೂಡಿಕೊಂಡು ಕೆಳಗೆಲ್ಲ ಕತ್ತಲು. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರಿಗಾಗಿ ಹೊಲಗಳನ್ನು ಒಗ್ಗೂಡಿಸುವಾಗ ಜೀವಂತ ಬೇಲಿಗಳನ್ನೂ ಕಿತ್ತರು. ಒಂದು ತೋಪಿನಿಂದ ಇನ್ನೊಂದಕ್ಕೆ ಹೋಗಲು ಇದ್ದ ದಾರಿ ಅದೇ.

ಡಾರ್ಮೌಸ್ ಎಲ್ಲೆಲ್ಲಿ ಉಳಿದಿವೆ ಎಂದು ನೋಡಲು 1993ರಲ್ಲಿ ಜನರನ್ನೇ ತಿಂದು ಬಿಟ್ಟ ಹೇಜಲ್ ಕಾಯಿ ಹುಡುಕಲು ಕಳಿಸಿದರು. ಓಡು ಕೈಗೆ ಸಿಕ್ಕರೆ ಸಾಕು, ತಿಂದವರು ಯಾರೆಂದು ಗೊತ್ತಾಗುತ್ತದೆ. ಅಳಿಲು ಎರಡು ಹೋಳು ಮಾಡುತ್ತದೆ. ಕಾಡಿಲಿ ಕೊರೆದ ತೂತಿನ ಒಳಅಂಚು ಹಲ್ಲಿನ ಗೀರುಗಳಿಂದ ತರಿತರಿ. ಡಾರ್ಮೌಸ್ ಕೊರೆದದ್ದು ದುಂಡಗೆ, ಉಜ್ಜುಕಾಗದ ಹಾಕಿದಷ್ಟು ನುಣುಪು. ಅದೇ ವರ್ಷ ಕೇಂಬ್ರಿಡ್ಜ್‌ಶೈರ್‌ನ ಕಾಡೊಂದಕ್ಕೆ ಡಾರ್ಮೌಸ್‌ಗಳನ್ನು ಮರಳಿ ಬಿಟ್ಟರು. ಆದರೂ 2023ರ ವರದಿಯ ಪ್ರಕಾರ 2000ದಿಂದೀಚೆಗೆ ಸಂಖ್ಯೆ ಶೇ. 70ರಷ್ಟು ಕುಸಿದಿದೆ.

ಹಾಗಾದರೆ ಮತ್ತೆ ಕಡಿಯಬಹುದಲ್ಲ? ಕಡಿಯುತ್ತಿದ್ದಾರೆ. ತೊಡಕೆಂದರೆ, ಕಡಿಯುವ ಕಾಲ ಚಳಿಗಾಲ; ಮರದಿಂದಿಳಿದ ಡಾರ್ಮೌಸ್ ತರಗೆಲೆಯಡಿ ಉಂಡೆಯಾಗಿ, ತಣ್ಣಗೆ, ಮೇ ತಿಂಗಳ ಹತ್ತಿರದವರೆಗೆ ಮಲಗಿರುವುದೂ ಆಗಲೇ. ಅದಕ್ಕೇ ಭಾರಿ ಯಂತ್ರಗಳನ್ನು ಹೊರಗಿಟ್ಟು, ಹೆಜ್ಜೆ ನೋಡಿ ಇಡುತ್ತಾ, ಗರಗಸ ಹಿಡಿದು ಒಳಗೆ ಹೋಗಬೇಕು.