‘ವೆನ್ ದ ಲೆವಿ ಬ್ರೇಕ್ಸ್’ ಯಾರ ಹಾಡು?

ರಾಕ್ ಕೇಳುವವರು ಮತ್ತು ಅಮೆರಿಕದ ಕಪ್ಪು ಜನರ ಸಂಗೀತವಾದ ಹಳೆಯ ಬ್ಲೂಸ್ ಕೇಳುವವರು ಒಂದು ಕಡೆ ಸೇರಿದರೆ ಈ ವಾದ ಬಂದೇ ಬರುತ್ತದೆ. ಇದು ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಹಾಡು ಅಂತ ಕೆಲವರು. ಅಲ್ಲ, ಬ್ಲೂಸ್ ಗಾಯಕಿ ಮೆಂಫಿಸ್ ಮಿನಿ ಹಾಡು, ಜೆಪ್ಲಿನ್‌ನವರು ಎತ್ತಿಕೊಂಡರು ಅಂತ ಇನ್ನು ಕೆಲವರು. ಬ್ಲೂಸ್‌ನಲ್ಲಿ ಎಲ್ಲರೂ ಎಲ್ಲರ ಸಾಲನ್ನೂ ಹಾಡುತ್ತಿದ್ದರು, ಅದರಲ್ಲಿ ಒಡೆತನ ಎಲ್ಲಿಂದ ಬಂತು ಅನ್ನುವವರೂ ಇದ್ದಾರೆ. ಎಲ್ಲರ ಮಾತಲ್ಲೂ ಸ್ವಲ್ಪ ನಿಜ ಇದೆ. ಆದರೆ ಈ ಗದ್ದಲದಲ್ಲಿ ಒಬ್ಬನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. 1929ರ ಗ್ರಾಮಫೋನ್ ತಟ್ಟೆಯಲ್ಲಿ ಈ ಹಾಡನ್ನು ಹಾಡಿದವನೇ ಅವನು.

ಕಥೆ ಶುರುವಾಗುವುದು ನೀರಿನಿಂದ. ಲೆವಿ ಅಂದರೆ ನದಿಯ ನೀರು ತಡೆಯುವ ಏರಿ. 1927ರ ಏಪ್ರಿಲ್ 21ರಂದು ಮಿಸಿಸಿಪಿ ನದಿಯ ಏರಿ ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಒಡೆಯಿತು. ಆ ವರ್ಷ ನದಿಯ ಉದ್ದಕ್ಕೂ ಇಂಥ ಒಡಕುಗಳು ಎಷ್ಟೋ. ಒಟ್ಟು 27,000 ಚದರ ಮೈಲಿ ನೆಲ ಮುಳುಗಿತು, 6 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ನದಿ ದಂಡೆಯ ಹತ್ತಿ ಸೀಮೆಯಲ್ಲಿ ಏರಿಗೆ ಮರಳುಮೂಟೆ ಹೊತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಕಡೆ ಅವರನ್ನು ಬಲವಂತದಿಂದ, ಬಂದೂಕಿನ ಕಾವಲಲ್ಲಿ ದುಡಿಸಿದ್ದರು. ಗ್ರೀನ್‌ವಿಲ್ ಊರಲ್ಲಿ ಬಿಳಿಯರು ದೋಣಿ ಹತ್ತಿ ಹೋದರು. ಸಾವಿರಾರು ಕಪ್ಪು ಜನ ಏರಿಯ ಮೇಲೆಯೇ ಉಳಿಯಬೇಕಾಯಿತು. ಒಮ್ಮೆ ಹೋದರೆ ಈ ಕೂಲಿಗಳು ವಾಪಸ್ ಬರುವುದಿಲ್ಲ ಅನ್ನುವ ಭಯ ಜಮೀನುದಾರರಿಗೆ. ಹಾಡಿನಲ್ಲಿ ಒಂದು ಸಾಲು ಬರುತ್ತದೆ: ಹಗಲೂ ರಾತ್ರಿ ಏರಿಯ ಮೇಲೆ ದುಡಿದೆ, ಆದರೂ ನೀರು ತಡೆಯಲು ಯಾರೂ ಇಲ್ಲ ಅಂತ. ಇಷ್ಟು ತಿಳಿದ ಮೇಲೆ ಆ ಸಾಲನ್ನು ಸುಮ್ನೆ ಕೇಳಿ ಮುಂದೆ ಹೋಗಲು ಆಗುವುದಿಲ್ಲ.

ಆಗ ಲಿಜ್ಜಿ ಡಗ್ಲಸ್ ಎಂಬಾಕೆ ಮಿಸಿಸಿಪಿಯ ವಾಲ್ಸ್ ಊರಿನ ಹತ್ತಿರ ತನ್ನ ಮನೆಯವರ ಜೊತೆ ಇದ್ದಳು. ಪ್ರವಾಹ ಬಂದಾಗ ಅವಳು ಅಲ್ಲೇ ಇದ್ದಳು ಎಂದು ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಹೆಂಡತಿ ಮುಂದೆ ನೆನಪಿಸಿಕೊಂಡಿದ್ದಾಳೆ. ಎರಡು ವರ್ಷ ಆದ ಮೇಲೆ ಲಿಜ್ಜಿ ಮತ್ತು ಅವಳ ಸಂಗಾತಿ ಜೋ ಮೆಕಾಯ್ ಮೆಂಫಿಸ್‌ನ ಬೀಲ್ ಸ್ಟ್ರೀಟ್‌ನಲ್ಲಿ ಹಾಡುತ್ತಿದ್ದಾಗ ಕೊಲಂಬಿಯಾ ಕಂಪನಿಯವರ ಕಣ್ಣಿಗೆ ಬಿದ್ದರು. 1929ರ ಜೂನ್ 18ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡಿಂಗ್ ಆಯಿತು. ಅಲ್ಲೇ ಇಬ್ಬರಿಗೂ ಹೊಸ ಹೆಸರು ಬಂತು: ಕ್ಯಾನ್ಸಸ್ ಜೋ, ಮೆಂಫಿಸ್ ಮಿನಿ.

ಆ ತಟ್ಟೆಯನ್ನು ಮೊದಲ ಸಲ ಕೇಳುವವರಿಗೆ ಆಶ್ಚರ್ಯ ಆಗುತ್ತದೆ. ಇದರಲ್ಲಿ ಅಬ್ಬರವೇ ಇಲ್ಲ. ಎರಡೇ ಗಿಟಾರ್. ಜೋ ತಾಳ ಹಿಡಿದು ಬಾರಿಸುತ್ತಾನೆ, ಮಿನಿ ಬೆರಳಲ್ಲಿ ಮೀಟುತ್ತಾ ಅವನ ಪ್ರತಿ ಸಾಲಿನ ಕೊನೆಗೂ ಒಂದು ಪುಟ್ಟ ಉತ್ತರ ಕೊಡುತ್ತಾಳೆ. ನಡೆ ಹಗುರ, ಹೆಚ್ಚುಕಡಿಮೆ ಕುಣಿಯಬಹುದು ಅನ್ನುವ ಹಾಗೆ. ಹಾಡುವುದು ಜೋ ಒಬ್ಬನೇ. ಮಿನಿಯ ದನಿ ಇದರಲ್ಲಿ ಇಲ್ಲ, ಅವಳ ಬೆರಳು ಮಾತ್ರ ಇದೆ.

ಮುಂದಿನ ನಲವತ್ತು ವರ್ಷ ಹೀಗೆ ಕಳೆದವು: ಇಬ್ಬರೂ ಶಿಕಾಗೋ ಸೇರಿದರು, ಬೇರೆಯಾದರು, ಜೋ 1950ರಲ್ಲಿ ತೀರಿಕೊಂಡ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೊಡ್ಡ ಹೆಸರು ಮಾಡಿದ ಮಿನಿ ಕೊನೆಗೆ ಕಾಯಿಲೆ ಬಿದ್ದು ಮೆಂಫಿಸ್‌ಗೆ ವಾಪಸಾದಳು, ಮತ್ತು ಇಂಗ್ಲೆಂಡಿನ ಹುಡುಗರು ಈ ಹಳೆಯ ತಟ್ಟೆಗಳನ್ನು ಹುಡುಕಿ ಹುಡುಕಿ ಕೇಳತೊಡಗಿದರು.

ಈಗ ನನಗೆ ಅತಿ ಇಷ್ಟವಾದ ಭಾಗ. ಲಂಡನ್ನಿನ ಸ್ಟುಡಿಯೋದಲ್ಲಿ ಒಮ್ಮೆ ಪ್ರಯತ್ನಿಸಿ ಕೈಬಿಟ್ಟಿದ್ದ ಹಾಡನ್ನು ಜೆಪ್ಲಿನ್ ಹೆಡ್ಲಿ ಗ್ರೇಂಜ್‌ಗೆ ತಂದಿತು. ಅದು ಹ್ಯಾಂಪ್‌ಶೈರ್‌ನ ಒಂದು ಹಳೆಯ ಕಟ್ಟಡ, 1795ರಲ್ಲಿ ಬಡವರ ಆಶ್ರಯಕ್ಕೆ ಕಟ್ಟಿದ್ದು. ಹೊರಗೆ ರೆಕಾರ್ಡಿಂಗ್ ಉಪಕರಣ ತುಂಬಿದ ಗಾಡಿ, ಒಳಗೆ ಎತ್ತರದ ಸೂರಿನ ದೊಡ್ಡ ಹಜಾರ. ಜಾನ್ ಬೊನ್‌ಹಮ್‌ನ ಡ್ರಮ್‌ಗಳನ್ನು ಆ ಹಜಾರದಲ್ಲಿ, ಮೆಟ್ಟಿಲ ಬುಡದಲ್ಲಿ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕ್‌ಗಳನ್ನು ಮೇಲೆ ಮೆಟ್ಟಿಲ ಹತ್ತಿರ ತೂಗುಬಿಟ್ಟ. ಡ್ರಮ್‌ಗೆ ತಾಗಿಸಿ ಒಂದೂ ಮೈಕ್ ಇಲ್ಲ. ಸದ್ದು ಗೋಡೆಗೆ ಬಡಿದು, ಮೆಟ್ಟಿಲು ಹತ್ತಿ, ಆಮೇಲೆ ಮೈಕ್ ಮುಟ್ಟಬೇಕು. ಅದಕ್ಕೆ ಪ್ರತಿಧ್ವನಿ ಹುಟ್ಟಿಸುವ ಬಿನ್ಸನ್ ಎಕೋ ಯಂತ್ರ ಸೇರಿತು, ಮೇಲೆ ಟೇಪನ್ನು ನಿಧಾನ ಮಾಡಿದರು, ಹಾಗಾಗಿ ಎಲ್ಲವೂ ಇನ್ನಷ್ಟು ಭಾರವಾಯಿತು. ಹಾರ್ಮೋನಿಕಾದ ಪ್ರತಿಧ್ವನಿಯನ್ನು ಹಿಂದುಮುಂದು ಮಾಡಿದ್ದರಿಂದ ಅದು ಮೂಲ ಸದ್ದಿಗಿಂತ ಮೊದಲೇ ಬಂದು ನಿಲ್ಲುತ್ತದೆ. ಏಳು ನಿಮಿಷ ದಾಟುವ ಈ ಹಾಡಿನಲ್ಲಿ ಮಳೆ, ನೀರು ಅನ್ನುವ ಮಾತು ಬರುವ ಮೊದಲೇ ಆ ಡ್ರಮ್ ಕೇಳಿದರೆ ಸಾಕು, ಏನೋ ಕುಸಿಯುತ್ತಿದೆ ಅಂತ ಎದೆಗೆ ಗೊತ್ತಾಗುತ್ತದೆ. ತಂಡದ ಗಾಯಕ ರಾಬರ್ಟ್ ಪ್ಲಾಂಟ್ ಹಳೆಯ ಸಾಲುಗಳನ್ನು ಬಹಳಷ್ಟು ಉಳಿಸಿಕೊಂಡ, ರಾಗ ಬೇರೆ ಮಾಡಿದ, ಕೆಲವು ಸಾಲು ಹೊಸದಾಗಿ ಸೇರಿಸಿದ. ಬ್ಲೂಸ್ ಹಾಡುಗಳನ್ನು ಬೇರೆಯವರು ಮತ್ತೆ ಹಾಡಿದ ಕವರ್‌ಗಳಲ್ಲಿ ನನಗೆ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ. ಇದನ್ನು ನಕಲು ಅನ್ನುವವರು ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು.

1971ರ ನವೆಂಬರ್‌ನಲ್ಲಿ ಆಲ್ಬಂ ಬಂತು. ಹಾಡಿನ ಕೆಳಗೆ ರಚನೆಕಾರರಾಗಿ ಐದು ಹೆಸರು: ತಂಡದ ನಾಲ್ವರಾದ ಪೇಜ್, ಪ್ಲಾಂಟ್, ಜೋನ್ಸ್, ಬೊನ್‌ಹಮ್, ಮತ್ತು ಮೆಂಫಿಸ್ ಮಿನಿ. ಆ ಕಾಲಕ್ಕೆ ಇದೂ ಸಣ್ಣ ಮಾತಲ್ಲ. ಇದೇ ತಂಡದ ಹಿಂದಿನ ಒಂದು ಹಾಡು ತನ್ನ ಹಾಡಿನಿಂದ ಎತ್ತಿದ್ದು ಅಂತ ಬ್ಲೂಸ್ ರಚನೆಕಾರ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, ಅದು 1987ರಲ್ಲಿ ರಾಜಿಯಲ್ಲಿ ಮುಗಿಯಿತು. ಹಾಗೆ ನೋಡಿದರೆ ಮಿನಿಯ ಹೆಸರು ಮೊದಲೇ ಬಂದದ್ದು ಒಳ್ಳೆಯದೇ. ಆದರೆ ಜೋ ಎಲ್ಲಿ? ಹಾಡಿದ್ದು ಅವನು, ತಟ್ಟೆಯ ಮೇಲೆ ಮೊದಲು ಇದ್ದ ಹೆಸರೂ ಅವನದೇ.

ಇದಕ್ಕೆ ಯಾರನ್ನೋ ಹಿಡಿದು ಬೈಯುವುದು ಸುಲಭ, ನ್ಯಾಯ ಅಲ್ಲ. ಅರವತ್ತರ ದಶಕದಲ್ಲಿ ಬ್ಲೂಸ್ ಮತ್ತೆ ಹುಡುಕಿದವರಿಗೆ ಸಿಕ್ಕ ದೊಡ್ಡ ಹೆಸರು ಮಿನಿಯದು. ಅವಳು ಇನ್ನೂ ಬದುಕಿದ್ದಳು, ನೂರಾರು ಹಾಡುಗಳ ಯಜಮಾನಿ. ಜೋ ಸತ್ತು ಇಪ್ಪತ್ತು ವರ್ಷವಾಗಿತ್ತು. ಅವನ ಇನ್ನೊಂದು ಹಾಡು ‘ವೈ ಡೋಂಟ್ ಯು ಡು ರೈಟ್’ ಗಾಯಕಿ ಪೆಗ್ಗಿ ಲೀ ದನಿಯಲ್ಲಿ ಜಗತ್ತನ್ನೇ ಸುತ್ತಿತು, ಅಲ್ಲೂ ಜನಕ್ಕೆ ನೆನಪಿರುವುದು ಪೆಗ್ಗಿ ಲೀ. ಜೋಡಿಯಾಗಿ ಹಾಡಿದವರಲ್ಲಿ ಒಬ್ಬರ ಹೆಸರು ಮಾತ್ರ ಉಳಿಯುವುದು ಹೊಸದೇನಲ್ಲ, ಆದರೂ ಬರೆಯುವ ಕಡೆ ಎರಡೂ ಬರೆಯಬಹುದಿತ್ತಲ್ವಾ?

ಮಿನಿ 1973ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಸರಿಯಾದ ಕಲ್ಲು ಬಂದದ್ದು 1996ರಲ್ಲಿ, ಅದರ ಖರ್ಚು ಕೊಟ್ಟದ್ದು ಗಾಯಕಿ ಬಾನಿ ರೇಟ್.

ಇತ್ತ ಹಾಡಿಗಿಂತ ಅದರ ಡ್ರಮ್ ಬೇರೆಯೇ ದಾರಿ ಹಿಡಿಯಿತು. 1986ರಲ್ಲಿ ರಾಪ್ ತಂಡ ಬೀಸ್ಟಿ ಬಾಯ್ಸ್ ತಮ್ಮ ಆಲ್ಬಂ ಶುರು ಮಾಡಿದ್ದೇ ಆ ಸದ್ದಿನಿಂದ. 2016ರಲ್ಲಿ ಬಿಯಾನ್ಸೆಯ ‘ಡೋಂಟ್ ಹರ್ಟ್ ಯುವರ್‌ಸೆಲ್ಫ್’ ಬಂತು, ಅದರಲ್ಲೂ ಇದೇ ಡ್ರಮ್ ಇದೆ, ಅದರ ರಚನೆಕಾರರ ಪಟ್ಟಿಯಲ್ಲಿ ಜೆಪ್ಲಿನ್‌ನ ನಾಲ್ವರೂ ಇದ್ದಾರೆ. ಕೆಲವು ಸೆಕೆಂಡಿನ ಡ್ರಮ್‌ಗೂ ಹೆಸರು ಹಾಕುವ ಕಾಲ ಬಂದಿದೆ, ಸಂತೋಷ. ಅದೇ ಲೆಕ್ಕ ಹಿಡಿದರೆ ಜೋ ಮೆಕಾಯ್ ಹೆಸರನ್ನು ಮುಂದಿನ ಯಾವುದೇ ಮುದ್ರಣದಲ್ಲಿ ಮಿನಿಯ ಪಕ್ಕದಲ್ಲೇ ಸೇರಿಸಬಹುದು. ಅಲ್ಲಿಯವರೆಗೆ ಜೆಪ್ಲಿನ್ ಹಾಡನ್ನು ಯಾರಿಗಾದರೂ ಕಳಿಸುವವರು 1929ರದ್ದನ್ನೂ ಜೊತೆಗೆ ಕಳಿಸಿ, ಮೂರು ನಿಮಿಷದ ಹಾಡು ಅಷ್ಟೇ.