ಅಸಲು ಯಾವಾಗ ಬರುತ್ತೆ? ತೋಟದ ಸ್ಪ್ರಿಂಕ್ಲರ್‌ನಿಂದ ಹಾರಂಗಿವರೆಗೆ ಒಂದು ಲೆಕ್ಕದ ಹಿನ್ನೆಲೆ

ಕೊಡಗಲ್ಲಿ ಕಾಫಿ ತೋಟಕ್ಕೆ ಕೆರೆ ತೋಡಿಸಿ ಸ್ಪ್ರಿಂಕ್ಲರ್ ಹಾಕ್ಸೋರು ಮೊದಲು ಕೇಳೋದು, ಅಸಲು ಎಷ್ಟು ವರ್ಷಕ್ಕೆ ಬರುತ್ತೆ ಅಂತ. 10 ಲಕ್ಷ ಹಾಕಿದ್ವಿ, ವರ್ಷಕ್ಕೆ 2 ಲಕ್ಷ ಹೆಚ್ಚಿಗೆ ಸಿಗುತ್ತೆ, 5 ವರ್ಷಕ್ಕೆ ಅಸಲು ಬಂತು, 8 ವರ್ಷ ಸೆಟ್ ಬಾಳಿಕೆ ಬಂದ್ರೆ 6 ಲಕ್ಷ ಲಾಭ ಅಂತ ಬಾಯಲ್ಲೇ ಲೆಕ್ಕ ಮುಗಿದೋಗುತ್ತೆ. ಆದ್ರೆ ಆ ದುಡ್ಡು 12% ಬಡ್ಡಿ ಸಾಲದ್ದು ಅಂದ್ಕೊಳ್ಳಿ. ಮುಂದೆ ಬರೋ ಒಂದೊಂದು 2 ಲಕ್ಷಾನೂ ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಿ ಕೂಡಿದ್ರೆ ಸಿಗೋದು ಸುಮಾರು 9.94 ಲಕ್ಷ ಮಾತ್ರ. 6 ಲಕ್ಷ ಲಾಭ ಅಂದಿದ್ದು ಆರು ಸಾವಿರ ಚಿಲ್ಲರೆ ನಷ್ಟ!

ಸರ್ಕಾರಗಳೂ ಈ ಲೆಕ್ಕ ಕಲಿಯೋಕೆ ನೂರು ವರ್ಷ ತಗೊಂಡ್ವು. 1876-78ರ ಬರ ಆದ್ಮೇಲೆ ಬ್ರಿಟಿಷರು ನೀರಾವರಿ ಕೆಲಸಗಳನ್ನ ಆದಾಯ ತರೋವು, ಬರದಿಂದ ಕಾಪಾಡೋವು ಅಂತ ಬೇರೆ ಮಾಡಿದ್ರು, ಮೊದಲನೇ ಗುಂಪಿನದು ತನ್ನ ಬಡ್ಡಿ ತಾನೇ ದುಡೀಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತಲ್ಲ, ಅದು ನನಗೆ ಇವತ್ತಿಗೂ ಮಾದರಿ ಅನ್ಸುತ್ತೆ, ಯಾಕಂದ್ರೆ ಕರೆಂಟ್ ಹುಟ್ಟೋ ಮೊದಲೇ ಕೊಳ್ಳೋರ ಜೊತೆ ಒಪ್ಪಂದ ಆಗಿತ್ತು. ನಮ್ಮ ತಲಕಾವೇರಿಯಿಂದ ಇಳಿದ ನೀರೇ ಅದು.

ಸ್ವಾತಂತ್ರ್ಯ ಬಂದ್ಮೇಲೆ ನೀರಿನ ತೆರಿಗೆ ನಂಬಿಕೊಂಡ್ರೆ ಯಾವ ಡ್ಯಾಮೂ ಗಿಟ್ಟಲ್ಲ ಅಂತಾಯ್ತು. 1964ರಲ್ಲಿ ನಿಜಲಿಂಗಪ್ಪನವರ ಅಧ್ಯಕ್ಷತೆಯ ಸಮಿತಿ, ಬರೀ ತೆರಿಗೆ ನೋಡ್ಬೇಡಿ, ರೈತನ ಬೆಳೆಯಲ್ಲಿ ಹೆಚ್ಚಾಗಿದ್ದನ್ನೂ ಸೇರಿಸಿ, 1 ರೂಪಾಯಿ ಖರ್ಚಿಗೆ ಒಟ್ಟು ಒಂದೂವರೆ ರೂಪಾಯಿ ಪ್ರಯೋಜನ ಇರ್ಲಿ ಅಂತು. ಇದು ರೈತನ ಪರ ದೊಡ್ಡ ಬದಲಾವಣೆ, ಆದ್ರೆ ಕೆಲಸ ಹತ್ತು ವರ್ಷ ಎಳೆದ್ರೆ ಆಗೋ ನಷ್ಟ ಆ ಲೆಕ್ಕದಲ್ಲಿ ಸರಿಯಾಗಿ ಕಾಣ್ತಿರ್ಲಿಲ್ಲ. 1983ರಲ್ಲಿ ನಿತಿನ್ ದೇಸಾಯಿ ಸಮಿತಿ ಅದಕ್ಕೇ, ಹಾಕಿದ ದುಡ್ಡು ವರ್ಷಕ್ಕೆ ಶೇಕಡಾ ಎಷ್ಟು ದುಡಿಯುತ್ತೆ ಅನ್ನೋದನ್ನ ನೋಡಿ ಅಂತು, ಸಾಮಾನ್ಯವಾಗಿ 9%, ಬರಪೀಡಿತ ಕಡೆ 7%.

ಇಷ್ಟಾದ್ರೂ ರಿಸ್ಕ್ ಹೊರಗೇ ಉಳೀತು. 2014ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಪ್ರಪಂಚದ 245 ದೊಡ್ಡ ಡ್ಯಾಮ್ ನೋಡಿದಾಗ ಅಂದಾಜಿಗಿಂತ ಸರಾಸರಿ 96% ಜಾಸ್ತಿ ಖರ್ಚಾಗಿತ್ತು, ಅಂದ್ರೆ ಹೆಚ್ಚೂಕಡಿಮೆ ಎರಡು ಪಟ್ಟು. ಕಟ್ಟಿ ಮುಗಿದ್ಮೇಲೂ ರಿಸ್ಕ್ ಮುಗಿಯಲ್ಲ. ನಮ್ಮ ಹಾರಂಗಿ ಡ್ಯಾಮನ್ನೇ ನೋಡಿ, ಪೂರ್ತಿ ತುಂಬಿದ್ರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2859 ಅಡಿ, 8.5 ಟಿಎಂಸಿ ಅಂತ ಓದ್ತೀವಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಆ ಮಣ್ಣೆಲ್ಲ ಹೊಳೆಗೆ ಇಳಿದು ಡ್ಯಾಮ್‌ಗೆ ಬಂತು. ಈಗ್ಲೂ ತುಂಬಿದಾಗ 2859 ಅಂತಾನೇ ಬರೀತಾರೆ, ಆದ್ರೆ ಅಡಿಯಲ್ಲಿ ನೀರಿರಬೇಕಾದ ಜಾಗದಲ್ಲಿ ಹೂಳು ಕೂತಿದೆ.

ತೋಟದ ಸ್ಪ್ರಿಂಕ್ಲರ್‌ಗೂ ಇದೇ ಕಥೆ. ಕಾಫಿ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ, ಅಂದ್ರೆ ಹೂಮಳೆ, ತಾನಾಗೇ ಟೈಮಿಗೆ ಸರಿಯಾಗಿ ಬಿದ್ದ ವರ್ಷ ಸೆಟ್‌ನಿಂದ ಹೆಚ್ಚಿಗೆ ಸಿಗೋದು ಏನೂ ಇಲ್ಲ. ಮೂರನೇ ವರ್ಷ ಒಂದೇ ಒಂದ್ಸಲ ಹಾಗಾದ್ರೂ 9.94 ಹೋಗಿ 8.51 ಲಕ್ಷ ಆಗುತ್ತೆ. ಹಾಗಾದ್ರೆ ಮಳೆ ಕೈಕೊಟ್ಟ ವರ್ಷ ಭರ್ಜರಿ ಲಾಭ ಅಂತೀರಾ? ಆ ವರ್ಷ ಮಾರ್ಚ್ ಹೊತ್ತಿಗೆ ಎಷ್ಟೋ ಸಲ ಕೆರೆಯಲ್ಲೂ ನೀರಿರಲ್ಲ. ಮಳೆ ಕೈಕೊಡೋದು, ಕೆರೆ ಬತ್ತೋದು, ಈ ಎರಡು ರಿಸ್ಕ್ ಜೊತೆಜೊತೆಗೇ ಬರಬಹುದು ಅನ್ನೋದನ್ನ ನಾನು ನೋಡಿದ ಯಾವ ಕೊಟೇಶನ್ನಲ್ಲೂ ಬರೆದಿರ್ಲಿಲ್ಲ.